ಕೈಯಲ್ಲಿದ್ದ ಬೆಳ್ಳಿ ಚಿತ್ರದಲ್ಲಿ ಇರಲಿಲ್ಲ: ಅಂಚೆ ಶೋಗಿ ಪಂದ್ಯದ ವಿಶ್ಲೇಷಣೆ ಕುರಿತು

ಮಾನ್ಯ ಸಂಪಾದಕರಿಗೆ ವಂದನೆಗಳು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೋಲಾರದ ಒಬ್ಬರು ಮತ್ತು ತುಮಕೂರಿನ ಒಬ್ಬರು ಹವ್ಯಾಸಿಗಳು ಅಂಚೆಯ ಮೂಲಕ ಆಡಿದ ಶೋಗಿ ಪಂದ್ಯ ಅಚ್ಚಾಗಿತ್ತು. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿರುವ ಕೋಲಾರಕ್ಕೆ ಜಪಾನ್ ಅಪರಿಚಿತ ಹೆಸರಲ್ಲ. ಆದರೂ ಕನ್ನಡ ಪತ್ರಿಕೆಯೊಂದು ಜಪಾನಿನ ಚದುರಂಗಕ್ಕೆ ಅರ್ಧ ಪುಟ ಬಿಟ್ಟುಕೊಟ್ಟದ್ದು ದೊಡ್ಡ ಮಾತು. 73 ನಡೆ, ಒಂದು ಚಿತ್ರ, ಅದರ ಕೆಳಗೆ ‘ವಿಶ್ಲೇಷಣೆ’ ಎಂಬ ತಲೆಬರಹದಲ್ಲಿ ಒಂದೇ ಸಾಲು: ಕಂಪ್ಯೂಟರ್ ಪ್ರಕಾರ 70ನೇ ನಡೆ ದೊಡ್ಡ ತಪ್ಪು. ಈ ಸಾಲು ಸುಳ್ಳಲ್ಲ. ಆದರೆ 70ರಲ್ಲಿ ಬೇರೆ ಏನು ಆಡಬಹುದಿತ್ತು, ಆ ತಪ್ಪು ಯಾಕೆ ಆಯಿತು, ಅದಕ್ಕೆ ಎಷ್ಟು ನಡೆ ಹಿಂದೆಯೇ ದಾರಿ ಆಗಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಓದುಗರು ತಾವೇ ಕಂಡುಕೊಳ್ಳೋಣವೆಂದರೆ ಅಚ್ಚಾದ ಚಿತ್ರದಲ್ಲಿ ಅದಕ್ಕೆ ಬೇಕಾದ ಕಾಯಿಗಳೇ ಇಲ್ಲ.

ಮೊದಲು ಚಿತ್ರದ ಮಾತು. ಶೋಗಿಯಲ್ಲಿ ಒಟ್ಟು 40 ಕಾಯಿ. ಒಬ್ಬೊಬ್ಬರಿಗೆ ರಾಜ 1, ಆನೆ 1, ಒಂಟೆ 1, ಚಿನ್ನ 2, ಬೆಳ್ಳಿ 2, ಕುದುರೆ 2, ಈಟಿ 2, ಕಾಲಾಳು 9. ಪಟದಲ್ಲಿ 81 ಮನೆ. ನಮ್ಮ ಚದುರಂಗದಲ್ಲಿ ಹೊಡೆಸಿಕೊಂಡ ಕಾಯಿ ಡಬ್ಬಿಗೆ ಹೋಗುತ್ತದೆ. ಇಲ್ಲಿ ಅದು ಹೊಡೆದವರ ಕೈ ಸೇರುತ್ತದೆ, ಅವರು ತಮ್ಮ ಸರದಿ ಬಂದಾಗ ಅದನ್ನು ತಮ್ಮದೇ ಕಾಯಿಯಾಗಿ ಖಾಲಿ ಮನೆಗೆ ಇಳಿಸಬಹುದು. ಹಾಗಾಗಿ ಪಟದ ಮೇಲಿನ ಕಾಯಿ ಮತ್ತು ಎರಡು ಕೈಗಳ ಕಾಯಿ ಕೂಡಿದರೆ ಯಾವಾಗಲೂ 40 ಬರಲೇಬೇಕು. ಪುರವಣಿಯ ಚಿತ್ರ 69ನೇ ನಡೆ ಆದ ಮೇಲಿನದು. ಎಣಿಸಿದರೆ 32. ಉಳಿದ 8 ಕಾಯಿ ಎಲ್ಲಿ? ನಡೆಗಳನ್ನು ಮೊದಲಿನಿಂದ ಪಟದ ಮೇಲೆ ಆಡಿಸಿದರೆ ಸಿಗುತ್ತವೆ: ಕೋಲಾರದವರ ಕೈಯಲ್ಲಿ ಚಿನ್ನ 1, ಕುದುರೆ 1, ಕಾಲಾಳು 1, ತುಮಕೂರಿನವರ ಕೈಯಲ್ಲಿ ಒಂಟೆ 1, ಬೆಳ್ಳಿ 1, ಕುದುರೆ 1, ಕಾಲಾಳು 2. ಪಂದ್ಯದ ತೀರ್ಮಾನ ನಿಂತಿದ್ದು ಈ ಎಂಟರ ಮೇಲೆ. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಬಂದ ಸರಕನ್ನು ಬರೆದು ಗೋದಾಮಿನಲ್ಲಿ ಉಳಿದದ್ದನ್ನು ಬಿಟ್ಟರೆ ಹೇಗೋ, ಕೈಕಾಯಿ ಇಲ್ಲದ ಶೋಗಿ ಚಿತ್ರವೂ ಹಾಗೆ.

ಮನೆಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೊದಲು ಆಡುವವರ, ಇಲ್ಲಿ ಕೋಲಾರದವರ, ಕಡೆಯಿಂದ ನೋಡಿದಾಗ ಕಂಬಸಾಲುಗಳಿಗೆ ಬಲದಿಂದ ಎಡಕ್ಕೆ 1ರಿಂದ 9, ಅಡ್ಡಸಾಲುಗಳಿಗೆ ಮೇಲಿನಿಂದ ಕೆಳಕ್ಕೆ 1ರಿಂದ 9. 76 ಎಂದರೆ ಏಳನೇ ಕಂಬ, ಆರನೇ ಅಡ್ಡಸಾಲು. ಮನೆಗಳಿಗೆ ಅಂಕಿ ಕೊಟ್ಟು ಆಟವನ್ನು ಬರೆದಿಡುವುದು ನಮ್ಮವರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳ ಮೇಲೆ ಕುದುರೆಯನ್ನು ಓಡಿಸಿ ಅಂಕಿ ತುಂಬಿದ ಬಂಧಗಳು ಇಂದಿಗೂ ಪ್ರಸಿದ್ಧ. ಶೋಗಿಯ ಕುದುರೆ ಮಾತ್ರ ಅಷ್ಟು ಸ್ವತಂತ್ರವಲ್ಲ. ಮುಂದಕ್ಕೆ ಎರಡು ಮನೆ ಹಾರಿ ಪಕ್ಕಕ್ಕೆ ಒಂದು, ಅಷ್ಟೇ. ಅದು ಇಳಿಯಬಲ್ಲದ್ದು ಎರಡೇ ಮನೆಗಳಿಗೆ.

ಈಗ 69ನೇ ನಡೆ. ತುಮಕೂರಿನವರ ರಾಜ 82ರಲ್ಲಿ. ಸುತ್ತ 72ರಲ್ಲಿ ಬೆಳ್ಳಿ, 61ರಲ್ಲಿ ಚಿನ್ನ, 81ರಲ್ಲಿ ಕುದುರೆ, 91ರಲ್ಲಿ ಈಟಿ. 63, 73, 83, 93ರಲ್ಲಿ ಕಾಲಾಳುಗಳು. ಜಪಾನಿನಲ್ಲಿ ‘ಮಿನೋ’ ಎಂದು ಕರೆಯುವ ಕೋಟೆ ಇದು. 52ರಲ್ಲಿ ಇರಬೇಕಾದ ಇನ್ನೊಂದು ಚಿನ್ನ ಆಗಲೇ ಹೋಗಿರುವುದರಿಂದ ಅರೆ ಮಿನೋ. ಕೋಲಾರದವರು 69ರಲ್ಲಿ ಕೈಯಲ್ಲಿದ್ದ ಒಂಟೆಯನ್ನು 55ಕ್ಕೆ ಇಳಿಸಿದರು. ಒಂಟೆಯ ಓರೆದಾರಿ 55, 64, 73, 82. 64 ಖಾಲಿ, 73ರಲ್ಲಿ ತುಮಕೂರಿನವರ ಕಾಲಾಳು, ಅದರ ಬೆನ್ನಿಗೆ ರಾಜ. ಅಂದರೆ ಆ ಕಾಲಾಳು ಕಟ್ಟಿಬಿದ್ದಿದೆ. ಅದು ಮುಂದೆ ಕಾಲಿಟ್ಟರೆ ರಾಜ ಒಂಟೆಯ ಬಾಯಿಗೆ ಬೀಳುತ್ತಾನೆ, ಆದ್ದರಿಂದ ನಿಯಮದ ಪ್ರಕಾರ ಅದು ಕದಲುವಂತಿಲ್ಲ.

70ರಲ್ಲಿ ತುಮಕೂರಿನವರು 29ರಲ್ಲಿದ್ದ ಬಡ್ತಿ ಆನೆಯಿಂದ (ಎದುರಾಳಿಯ ಕಡೆ ನುಗ್ಗಿ ಹೆಚ್ಚಿನ ಶಕ್ತಿ ಪಡೆದ ಆನೆ) 19ರ ಈಟಿಯನ್ನು ಹೊಡೆದರು. 71ನೇ ನಡೆಯಲ್ಲಿ ಕೋಲಾರದವರು 74ಕ್ಕೆ ಕುದುರೆ ಇಳಿಸಿ ಚೆಕ್ ಕೊಟ್ಟರು. 74ರ ಕುದುರೆ ಹಾರುವ ಮನೆಗಳು 62 ಮತ್ತು 82. ಕುದುರೆಯ ಚೆಕ್‌ಗೆ ಅಡ್ಡ ಇಡಲು ಬರುವುದಿಲ್ಲ. ಅದನ್ನು ಹೊಡೆಯಬಲ್ಲ ಒಂದೇ ಕಾಯಿ 73ರ ಕಾಲಾಳು, ಅದು ಕಟ್ಟಿಬಿದ್ದಿದೆ. ರಾಜನಿಗೆ ಉಳಿದ ದಾರಿ ಎರಡು, 71 ಮತ್ತು 92. 72ನೇ ನಡೆಯಲ್ಲಿ ಅವರು 92ಕ್ಕೆ ಹೋದರು, 73ನೇ ನಡೆಯಲ್ಲಿ 82ಕ್ಕೆ ಚಿನ್ನ ಇಳಿಯಿತು, ಮೇಟ್: ರಾಜನಿಗೆ ದಾರಿಯಿಲ್ಲ, ಆಟ ಮುಗಿಯಿತು. ಆ ಚಿನ್ನವನ್ನು ರಾಜ ಹೊಡೆಯುವಂತಿಲ್ಲ, 74ರ ಕುದುರೆ ಅದನ್ನು ಕಾಯುತ್ತಿದೆ. 72ರ ಬೆಳ್ಳಿ ಪಕ್ಕದ ಮನೆಯಲ್ಲೇ ಇದ್ದರೂ ಹೊಡೆಯಲಾರದು. ಬೆಳ್ಳಿ ಮುಂದಕ್ಕೂ ನಾಲ್ಕು ಓರೆಗಳಿಗೂ ಹೋಗುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. 91, 81, 83, 93 ನಾಲ್ಕರಲ್ಲೂ ರಾಜನದೇ ಕಾಯಿಗಳು. 71ಕ್ಕೆ ಹೋಗಿದ್ದರೂ ಅದೇ ಚಿನ್ನ ಅದೇ 82ಕ್ಕೆ ಬಂದು ಮೇಟ್: 62ಕ್ಕೆ ಕುದುರೆಯ ಕಾವಲು, 61, 72, 81ರಲ್ಲಿ ಸ್ವಂತ ಕಾಯಿ. ‘ಚಿನ್ನವನ್ನು ಕೊನೆಯ ಏಟಿಗೆ ಉಳಿಸು’ ಎಂಬ ಗಾದೆ ಜಪಾನಿನ ಶೋಗಿಯವರದು. ಚಿನ್ನದ ಗಣಿಯ ಜಿಲ್ಲೆಯವರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ.

ಇದನ್ನು ಶೋಗಿಯವರು ‘ಮೂರು ನಡೆಯ ಮೇಟ್’ ಎನ್ನುತ್ತಾರೆ. ಚದುರಂಗದಿಂದ ಬಂದವರು ಇಲ್ಲಿ ಎಡವುತ್ತಾರೆ. ಚದುರಂಗದಲ್ಲಿ ಬಿಳಿ ಮತ್ತು ಕಪ್ಪು ಸೇರಿ ಒಂದು ನಡೆ. ಶೋಗಿಯಲ್ಲಿ ಇಬ್ಬರ ನಡೆಗೂ ಬೇರೆ ಬೇರೆ ಸಂಖ್ಯೆ. ನಮ್ಮವರ ಲೆಕ್ಕದಲ್ಲಿ ಇದು ಎರಡು ನಡೆಯ ಮೇಟ್. ಎಂಜಿನ್, ಅಂದರೆ ನಡೆಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ತಂತ್ರಾಂಶ, ‘ಮೇಟ್ 3’ ಎಂದು ತೋರಿಸಿದಾಗ ಮೂರು ಬಾರಿ ಆಡಬೇಕೆಂದು ತಿಳಿದು ಇಲ್ಲದ ನಡೆ ಹುಡುಕುತ್ತಾ ಕೂತರೆ ಇದೇ ಕಾರಣ.

70ರಲ್ಲಿ ಆಡಬೇಕಾಗಿದ್ದ ನಡೆ ತುಮಕೂರಿನವರ ಕೈಯಲ್ಲೇ ಇತ್ತು: 64ಕ್ಕೆ ಬೆಳ್ಳಿ ಇಳಿಸುವುದು. ಆ ಒಂದು ನಡೆ ಮಾಡುವ ಕೆಲಸಗಳನ್ನು ನೋಡಿ. ಒಂಟೆಯ ಓರೆದಾರಿ ಮುಚ್ಚುತ್ತದೆ. 73ರ ಕಾಲಾಳಿನ ಕಟ್ಟು ಬಿಚ್ಚುತ್ತದೆ, ಇನ್ನು 74ಕ್ಕೆ ಕುದುರೆ ಬಂದರೆ ಕಾಲಾಳೇ ಹೊಡೆಯುತ್ತದೆ. 64ರ ಬೆಳ್ಳಿಗೆ ಹಿಂದಿನಿಂದ 63ರ ಕಾಲಾಳಿನ ಆಸರೆ ಇದೆ. ಸಾಲದ್ದಕ್ಕೆ ಆ ಬೆಳ್ಳಿ ಓರೆಯಲ್ಲಿ 55ರ ಒಂಟೆಯನ್ನೇ ನೋಡುತ್ತಿದೆ. ಕೋಲಾರದವರು ಒಂಟೆಯನ್ನು ಹಿಂದೆ ಸರಿಸಬೇಕು, ಇಲ್ಲವೇ ಬೆಳ್ಳಿಗೆ ಬದಲಾಗಿ ಒಂಟೆ ಕಳೆದುಕೊಳ್ಳಬೇಕು. ಸರಿಸಿದರೆ ಸರದಿ ಮತ್ತೆ ತುಮಕೂರಿನವರದು. 19ರ ಈಟಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ, 72ನೇ ನಡೆಯಲ್ಲಿ ಹೊಡೆಯಬಹುದಿತ್ತು. ಕೈಯಲ್ಲಿದ್ದ ಒಂಟೆಯನ್ನೂ 64ಕ್ಕೆ ಇಳಿಸಬಹುದಲ್ಲ ಎಂದು ಕೇಳುವವರು ಇರುತ್ತಾರೆ. ಬಹುದು, ಆದರೆ ಆಗ ಒಂಟೆಗೆ ಒಂಟೆ ವಿನಿಮಯವಾಗಿ ಕೋಲಾರದವರ ಕೈಗೆ ಮತ್ತೊಂದು ಒಂಟೆ ಸೇರುತ್ತದೆ. ಅಡ್ಡಗಟ್ಟುವುದಕ್ಕೆ ಕೆಳಬೆಲೆಯ ಕಾಯಿಯೇ ಲೇಸು. 73ರ ಕಾಲಾಳನ್ನು 74ಕ್ಕೆ ತಳ್ಳಿ ಕುದುರೆಯ ಮನೆಯನ್ನು ತುಂಬೋಣವೆಂದರೆ ಅದು ಕಟ್ಟಿಬಿದ್ದ ಕಾಯಿ, ಆ ನಡೆಯೇ ಕಾನೂನುಬಾಹಿರ. 63ರ ಕಾಲಾಳನ್ನು 64ಕ್ಕೆ ತಳ್ಳಿದರೆ ಒಂಟೆ ಅದನ್ನು ಪುಕ್ಕಟೆ ಹೊಡೆದು ಅದೇ ಓರೆಯಲ್ಲಿ ಇನ್ನೂ ಹತ್ತಿರ ಬಂದು ಕೂರುತ್ತದೆ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ ಆಯಿತು ಆ ಪಂದ್ಯ. ಬೆಣ್ಣೆ ಇತ್ತು ಎಂಬುದೇ ನಿಮ್ಮ ಓದುಗರಿಗೆ ತಿಳಿಯಲಿಲ್ಲ, ಏಕೆಂದರೆ ಚಿತ್ರದಲ್ಲಿ ಕೈ ಇರಲಿಲ್ಲ.

‘70 ತಪ್ಪು’ ಎಂದು ನಿಲ್ಲಿಸುವುದರಲ್ಲಿ ಇನ್ನೊಂದು ಕೊರತೆ ಇದೆ. ಆ ಮೂರು ನಡೆಯ ಮೇಟ್ ಕೂಡಿಬರಲು ನಾಲ್ಕು ಸಂಗತಿ ಬೇಕಿದ್ದವು: ಕೋಲಾರದವರ ಕೈಯಲ್ಲಿ ಕುದುರೆ, ಕೈಯಲ್ಲಿ ಚಿನ್ನ, ಒಂಟೆಗೆ ತೆರೆದ ಓರೆದಾರಿ, 93 ಮುಚ್ಚಿರುವುದು. ಒಂದು ತಪ್ಪಿದ್ದರೂ ಮೇಟ್ ಇರಲಿಲ್ಲ. ವಿಶ್ಲೇಷಣೆ ಎಂದರೆ ಈ ನಾಲ್ಕೂ ಯಾವ ಯಾವ ನಡೆಯಲ್ಲಿ ಕೂಡಿಬಂದವು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು.

93ರಿಂದ ಶುರು ಮಾಡೋಣ. ಪಂದ್ಯದ ಆರಂಭ ಹೀಗಿದೆ: 76 ಕಾಲಾಳು, 34 ಕಾಲಾಳು, 26 ಕಾಲಾಳು, 44 ಕಾಲಾಳು, 48 ಬೆಳ್ಳಿ, 42 ಆನೆ, 68 ರಾಜ, 62 ರಾಜ, 78 ರಾಜ, 72 ರಾಜ, 58 ಚಿನ್ನ, 82 ರಾಜ, 96 ಕಾಲಾಳು, 72 ಬೆಳ್ಳಿ. ಕೋಲಾರದವರು ಆನೆಯನ್ನು ಅದರ ಜಾಗದಲ್ಲೇ ಇಟ್ಟರು, ತುಮಕೂರಿನವರು ನಾಲ್ಕನೇ ಕಂಬಕ್ಕೆ ಸರಿಸಿದರು. ಎರಡೂ ಜಪಾನಿನಲ್ಲಿ ಹಳೆಯ, ಗೌರವದ ಆರಂಭಗಳು. 13ನೇ ನಡೆಯಲ್ಲಿ ಅಂಚಿನ ಕಾಲಾಳು 96ಕ್ಕೆ ಬಂತು. ಇದಕ್ಕೆ 94 ಎಂದು ಉತ್ತರ ಕೊಟ್ಟಿದ್ದರೆ ಮುಂದೆ 74ಕ್ಕೆ ಕುದುರೆ ಬಂದಾಗ ರಾಜನಿಗೆ 93 ಎಂಬ ಮೂರನೇ ಬಾಗಿಲು ಇರುತ್ತಿತ್ತು; ಚಿನ್ನ 82ಕ್ಕೆ ಇಳಿದರೂ ಆ ಬಾಗಿಲನ್ನು ಮುಚ್ಚಲಾರದು, ಚಿನ್ನ ಹಿಂದಕ್ಕೆ ಓರೆಯಾಗಿ ಹೋಗುವ ಕಾಯಿಯಲ್ಲ. ತುಮಕೂರಿನವರು ಉತ್ತರ ಕೊಡದೆ ಬೆಳ್ಳಿ ಆಡಿದರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಒಂದು ನಡೆ ಬೇರೆ ಕಡೆ ಸಿಕ್ಕಿತು, ಕೋಟೆ ಬೇಗ ಮುಗಿಯಿತು. ಮಿನೋಗೆ ಬೇಕಾದದ್ದು 5 ನಡೆ: ರಾಜನದು 3, ಬೆಳ್ಳಿಯದು 1, ಚಿನ್ನದ್ದು 1. ಆದರೆ ಅಂಚಿನ ನಡೆಯನ್ನು ಬಿಡುವುದು ಸಾಲ ಮಾಡಿದಂತೆ. 23ನೇ ನಡೆಯಲ್ಲಿ ಆ ಕಾಲಾಳು 95ಕ್ಕೆ ಬಂದಾಗ ಸಾಲ ಖಾಯಂ ಆಯಿತು. ಇನ್ನು 94ಕ್ಕೆ ಕಾಲಾಳು ಇಟ್ಟರೆ ಹೊಡೆಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಪ್ರತಿ ನಡೆಗೂ ‘ನನ್ನ ರಾಜನಿಗೆ 93 ಇಲ್ಲ’ ಎಂಬ ಟಿಪ್ಪಣಿ ಪುಸ್ತಕದಲ್ಲಿ ಇರಬೇಕಿತ್ತು.

ಎಂಜಿನ್ 14ನೇ ನಡೆಯನ್ನು ತಪ್ಪೆಂದು ಕೆಂಪಾಗಿ ತೋರಿಸುವುದಿಲ್ಲ. ಯಾರ ಸ್ಥಿತಿ ಎಷ್ಟು ಮೇಲು ಎಂದು ಅದು ಕೊಡುವ ಅಂಕ ಅಲ್ಲಿ ಹೆಚ್ಚುಕಡಿಮೆ ಕದಲುವುದೇ ಇಲ್ಲ, ಏಕೆಂದರೆ ಆ ಸಾಲದ ಬಡ್ಡಿಯನ್ನು ಕೊನೆಯವರೆಗೆ ತಪ್ಪದೆ ಕಟ್ಟುವ ಶಕ್ತಿ ಎಂಜಿನ್ನಿಗೆ ಇದೆ. ಹವ್ಯಾಸಿಗೆ ಇಲ್ಲ. ಹವ್ಯಾಸಿ ಪಂದ್ಯವನ್ನು ಅಂಕದ ಗ್ರಾಫ್ ನೋಡಿ ವಿಶ್ಲೇಷಿಸಲಾಗದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಚಿನ್ನ ಕೋಲಾರದವರ ಕೈಗೆ ಹೋದದ್ದು 43ನೇ ಮನೆಯಲ್ಲಿ ನಡೆದ ವಿನಿಮಯದಲ್ಲಿ. 52ರ ಚಿನ್ನವನ್ನು ಕಾವಲಿಗೆಂದು 43ಕ್ಕೆ ತಂದು, ಅಲ್ಲಿ ಬೆಳ್ಳಿಗೆ ಬದಲು ಕೊಟ್ಟರು. ಬೆಲೆಯ ಲೆಕ್ಕದಲ್ಲಿ ಸಣ್ಣ ನಷ್ಟ. ರಾಜನ ಪಕ್ಕದ ಕಲ್ಲೊಂದು ಎದುರಾಳಿಯ ಕೈಯಲ್ಲಿ ಮೇಟಿನ ಕಾಯಿಯಾಗಿ ಕೂತದ್ದು ದೊಡ್ಡ ನಷ್ಟ. ಕುದುರೆ ಹೋದದ್ದು 33ನೇ ಮನೆಯಲ್ಲಿ, 21ರಿಂದ ಅಲ್ಲಿಗೆ ಹಾರಿ ಸಿಕ್ಕಿಬಿತ್ತು. ಹಿಂದಕ್ಕೆ ಬರಲಾಗದ ಕಾಯಿಯನ್ನು ಮುಂದಕ್ಕೆ ಬಿಡುವ ಮೊದಲು ಎದುರಾಳಿಗೆ ಕುದುರೆ ಸಿಕ್ಕರೆ ಅದನ್ನು ಎಲ್ಲಿ ಇಳಿಸುತ್ತಾರೆ ಎಂದು ನೋಡಿಕೊಳ್ಳಬೇಕು. ಮಿನೋ ಕೋಟೆಗೆ ಉತ್ತರ ಯಾವಾಗಲೂ ಒಂದೇ: 74. ಓರೆಯಲ್ಲಿ ಒಂಟೆ, 74ಕ್ಕೆ ಕುದುರೆ, ಇದು ಆ ಕೋಟೆಯ ಹುಟ್ಟುದೌರ್ಬಲ್ಯ. ಆ ಕೋಟೆ ಕಟ್ಟುವವರು ಮೊದಲು ಕಲಿಯಬೇಕಾದ ಪಾಠವೂ ಅದೇ.

ಇನ್ನು ಅಂಚೆ ಪಂದ್ಯಕ್ಕೇ ಸೇರಿದ ತೊಂದರೆಗಳು. ಎದುರುಬದುರು ಕೂತು ಆಡುವಾಗ ಇವು ಬರುವುದೇ ಇಲ್ಲ, ಆದ್ದರಿಂದ ಚದುರಂಗದ ಅಂಕಣಕಾರರು ಇವನ್ನು ಗಮನಿಸುವುದಿಲ್ಲ.

ಅಚ್ಚಾದ 11ನೇ ನಡೆಯನ್ನೇ ನೋಡಿ: ‘58 ಚಿನ್ನ’. ಯಾವ ಚಿನ್ನ? 49ರದ್ದೂ ಹೋಗಬಹುದು, 69ರದ್ದೂ ಹೋಗಬಹುದು. ಜಪಾನಿನ ಬರವಣಿಗೆಯಲ್ಲಿ ಇಂಥಲ್ಲಿ ‘ಬಲ’ ಅಥವಾ ‘ಎಡ’ ಎಂದು ಸೇರಿಸುವುದು ಕಡ್ಡಾಯ. ವಾಡಿಕೆಯ ನಡೆ ಬಲಗಡೆಯದು, ಅಂದರೆ 49ರದ್ದು. 69ರದ್ದು ರಾಜನ ಪಕ್ಕದಲ್ಲೇ ಉಳಿಯುತ್ತದೆ. ಎಡದ್ದನ್ನು ಸರಿಸಿದ ಓದುಗರ ಪಟದಲ್ಲಿ 49ರಲ್ಲಿ ಚಿನ್ನ ಕೂತೇ ಇರುತ್ತದೆ, ಮುಂದೆ ತುಮಕೂರಿನವರ ಆನೆ 49ಕ್ಕೆ ನುಗ್ಗಿ ಬಡ್ತಿ ಪಡೆಯುವ ನಡೆ ಬಂದಾಗ ಪಟಕ್ಕೂ ಪತ್ರಿಕೆಗೂ ತಾಳೆ ಬೀಳುವುದಿಲ್ಲ. ಇಳಿಸಿದ ನಡೆಗೂ ಹಾಗೆಯೇ ಗುರುತು ಬೇಕು. ಪಟದ ಮೇಲಿನ ಬೆಳ್ಳಿ 64ಕ್ಕೆ ಹೋಗುವುದು ಬೇರೆ, ಕೈಯಿಂದ ಇಳಿಯುವುದು ಬೇರೆ.

ಕನ್ನಡದಲ್ಲಿ ಕಾಯಿಗಳಿಗೆ ರಾ, ಆ, ಒಂ, ಚಿ, ಬೆ, ಕು, ಈ, ಕಾ ಎಂಬ ಗುರುತು ಸಾಕು, ಒಂದರೊಡನೊಂದು ಕಲಸಿಹೋಗುವುದಿಲ್ಲ. ಬಡ್ತಿ ಪಡೆದಾಗ ಮುಂದೆ ಕೂಡುವ ಚಿಹ್ನೆ, ಇಳಿಸಿದಾಗ ನಕ್ಷತ್ರ ಚಿಹ್ನೆ ಹಾಕಿದರೆ ಯಾರಿಗೂ ಗೊಂದಲವಿಲ್ಲ. ಬಡ್ತಿ ಪಡೆದ ಒಂಟೆಯನ್ನು ಜಪಾನಿಯರು ‘ಉಮಾ’ ಎನ್ನುತ್ತಾರೆ, ಅರ್ಥ ಕುದುರೆ. ಅದನ್ನು ಕನ್ನಡಕ್ಕೆ ತಂದು ಕುದುರೆ ಎಂದು ಬರೆದರೆ ನಿಜವಾದ ಕುದುರೆಯೊಡನೆ ಕಲಸಿಹೋಗುತ್ತದೆ. ‘ಬಡ್ತಿ ಒಂಟೆ’ ಎಂದೇ ಬರೆಯಬೇಕು.

ಎರಡನೆಯದು ತಿರುಗಿದ ಪಟ. ಎರಡನೆಯವರಾಗಿ ಆಡುವವರು ತಮ್ಮ ಕಡೆಯಿಂದ ಮನೆ ಎಣಿಸಿ 34 ಎನ್ನುವ ಬದಲು 76 ಎಂದು ಬರೆದುಬಿಡುತ್ತಾರೆ. ಇದಕ್ಕೆ ಸುಲಭದ ತಾಳೆ ಇದೆ: ಎದುರುಬದುರಿನ ಮನೆಗಳನ್ನು ಕೂಡಿದರೆ ಯಾವಾಗಲೂ 110. 76 ಮತ್ತು 34, 26 ಮತ್ತು 84, 58 ಮತ್ತು 52. ಬಂದ ನಡೆ ಪಟದ ಮೇಲೆ ಅಸಾಧ್ಯವಾಗಿ ಕಂಡರೆ ಅದನ್ನು 110ರಿಂದ ಕಳೆದು ನೋಡಿ. ಬಹಳ ಸಲ ಉದ್ದೇಶಿಸಿದ ನಡೆ ಸಿಗುತ್ತದೆ. ಆದರೆ ಊಹಿಸಿ ಮುಂದುವರಿಯಬಾರದು, ಬರೆದು ಕೇಳಬೇಕು.

ಅಕ್ರಮ ನಡೆಗಳ ವಿಷಯ ಚಿಕ್ಕದು. ಒಂದೇ ಕಂಬಸಾಲಿನಲ್ಲಿ ಬಡ್ತಿ ಇಲ್ಲದ ತನ್ನ ಎರಡು ಕಾಲಾಳು ಇರುವಂತಿಲ್ಲ, ಕಾಲಾಳನ್ನು ಇಳಿಸಿಯೇ ಮೇಟ್ ಕೊಡುವಂತಿಲ್ಲ, ಮುಂದೆ ಹೋಗಲು ಮನೆಯೇ ಇಲ್ಲದ ಕಡೆ ಕಾಲಾಳು, ಈಟಿ, ಕುದುರೆ ಇಳಿಸುವಂತಿಲ್ಲ. ಜಪಾನಿನ ಅಧಿಕೃತ ಪಂದ್ಯದಲ್ಲಿ ಅಕ್ರಮ ನಡೆ ಎಂದರೆ ಅಲ್ಲೇ ಸೋಲು. ಅಂಚೆಯಲ್ಲಿ ಏನು ಮಾಡಬೇಕೆಂದು ಮೊದಲ ನಡೆಗೆ ಮುಂಚೆಯೇ ಇಬ್ಬರೂ ಬರೆದುಕೊಳ್ಳಬೇಕು. ಎಂಜಿನ್ ಬಳಸಬಹುದೇ ಇಲ್ಲವೇ ಎಂಬುದನ್ನೂ ಆಗಲೇ.

ಹೆಚ್ಚು ಹೇಳಬೇಕಾದದ್ದು ದಿನಾಂಕಗಳ ಬಗ್ಗೆ. ಈ ಪಂದ್ಯದಲ್ಲಿ ನಡೆಗೆ 5 ದಿನದ ಗಡುವು ಇತ್ತು. 73 ನಡೆಗೆ ಹೆಚ್ಚೆಂದರೆ 365 ದಿನ. ಅಚ್ಚಾದ ದಿನಾಂಕಗಳಲ್ಲಿ 68ಕ್ಕೂ 70ಕ್ಕೂ ನಡುವೆ 9 ದಿನ ಕಳೆದಿವೆ. ಅಂಚೆ ಪಂದ್ಯದಲ್ಲಿ ಮೊದಲು ಬೆರಳಿಡಬೇಕಾದ ಜಾಗ ಇಂಥ ಅಂತರಗಳೇ. 68ರಲ್ಲಿ ಯೋಚಿಸಿದ ಹಂಚಿಕೆ ಒಂಬತ್ತು ದಿನದ ಮೇಲೆ ಮನಸ್ಸಿನಲ್ಲಿ ಅರ್ಧ ಮಾತ್ರ ಉಳಿದಿರುತ್ತದೆ: ‘29ರ ಕುದುರೆ ಆಯಿತು, ಇನ್ನು 19ರ ಈಟಿ’ ಎಂಬ ಭಾಗ ನೆನಪಿರುತ್ತದೆ, ‘ಅವರು ಒಂಟೆ ಇಳಿಸಿದರೆ ಮಾತ್ರ ಬೇರೆ ಯೋಚಿಸಬೇಕು’ ಎಂಬ ಭಾಗ ಹೋಗಿರುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. 55ರ ಒಂಟೆಯ ಮತ್ತೊಂದು ಓರೆ 46, 37, 28, 19. ಅದು ಈಟಿಯನ್ನು ಕಾಯುತ್ತಿದೆಯೇ ಎಂದು ನೋಡಿ, 37ರಲ್ಲಿ ಕೋಲಾರದವರದೇ ಕಾಲಾಳು ಅಡ್ಡ ಇದೆ, ಈಟಿ ಪುಕ್ಕಟೆ ಎಂದು ನಿರ್ಧರಿಸಿ, ಎದುರಿನ ಓರೆಯನ್ನು ನೋಡದೆ ಬಿಟ್ಟಿರಬಹುದು. ಇವೆರಡರಲ್ಲಿ ಯಾವುದು? ಎಂಜಿನ್ ಹೇಳಲಾರದು. ತುಮಕೂರಿನವರ ಟಿಪ್ಪಣಿ ಇದ್ದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ, ಮದ್ದು ಕೂಡ ಬೇರೆ ಬೇರೆ. ಮೊದಲನೆಯದಾದರೆ ಟಿಪ್ಪಣಿ ಬರೆಯುವ ರೂಢಿ ತಿದ್ದಬೇಕು, ಎರಡನೆಯದಾದರೆ ಪಟ ನೋಡುವ ರೂಢಿ ತಿದ್ದಬೇಕು. ಕಾರಣ ತಿಳಿಯದೆ ಆರಂಭದ ಪಾಠ ಓದಲು ಹೇಳಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಟಿಪ್ಪಣಿ ಎಂದರೆ ಪುಟಗಟ್ಟಲೆ ಬೇಡ. ನಡೆಯ ಸಂಖ್ಯೆ, ಬಂದ ದಿನ, ಕಳಿಸಿದ ದಿನ. ಯೋಚಿಸಿದ ಎರಡು ಮೂರು ನಡೆಗಳು. ಎದುರಾಳಿಯಿಂದ ನಿರೀಕ್ಷಿಸುವ ಉತ್ತರ. ಎರಡೂ ಕೈಗಳ ಕಾಯಿ. ಕೊನೆಗೆ 40ರ ಮೊತ್ತ. ವಾಟ್ಸ್‌ಆ್ಯಪ್‌ನಲ್ಲಿ ಆಡಿದರೂ ಇದು ಕಾಗದದ ಪುಸ್ತಕದಲ್ಲಿ ಇರಲಿ, ಸಂದೇಶಗಳ ರಾಶಿಯಲ್ಲಿ ಹುಡುಕುವುದು ಕಷ್ಟ. ಪಟ ಎರಡು ಇರಬೇಕು. ಒಂದರಲ್ಲಿ ಪಂದ್ಯದ ನಿಜಸ್ಥಿತಿ, ಅದನ್ನು ನಡೆ ಬಂದಾಗ ಮತ್ತು ಕಳಿಸಿದಾಗ ಬಿಟ್ಟು ಬೇರೆ ಯಾವಾಗಲೂ ಮುಟ್ಟಬಾರದು, ಇನ್ನೊಂದು ಪ್ರಯೋಗಕ್ಕೆ. ಒಂದೇ ಪಟದಲ್ಲಿ ಪ್ರಯೋಗ ಮಾಡಿ ಹಿಂದಕ್ಕೆ ಇಡುವಾಗ ಒಂದು ಕಾಲಾಳು ಒಂದು ಮನೆ ಆಚೆ ಉಳಿದರೆ, ಇಲ್ಲದ ಸ್ಥಿತಿಗೆ ಐದು ದಿನ ಯೋಚಿಸಿ ನಡೆ ಕಳಿಸಿದಂತಾಗುತ್ತದೆ.

ಅಂತ್ಯಘಟ್ಟಕ್ಕೆ ಒಂದು ಲೆಕ್ಕ ಪ್ರತ್ಯೇಕವಾಗಿ ಬರೆಯಬೇಕು, ವೇಗದ ಲೆಕ್ಕ. ‘ಎದುರಾಳಿ ಈಗ ಸುಮ್ಮನಿದ್ದರೆ ನನಗೆ ಮೇಟ್ ಕೊಡಲು ಎಷ್ಟು ನಡೆಯ ತಯಾರಿ ಬೇಕು? ನಾನು ಸುಮ್ಮನಿದ್ದರೆ ಅವರಿಗೆ ಎಷ್ಟು?’ 69ರ ನಂತರ ಕೋಲಾರದವರಿಗೆ ಬೇಕಿದ್ದ ತಯಾರಿ ಸೊನ್ನೆ, ಮುಂದಿನ ಸರದಿಯಿಂದಲೇ ಮೇಟ್ ಶುರು. ಆ ಸ್ಥಿತಿಯಲ್ಲಿ ಇನ್ನೊಬ್ಬರಿಗೆ ಇರುವುದು ಎರಡೇ ದಾರಿ: ತಪ್ಪದೆ ಚೆಕ್ ಮೇಲೆ ಚೆಕ್ ಕೊಟ್ಟು ತಾವೇ ಮೊದಲು ಮುಗಿಸುವುದು, ಇಲ್ಲವೇ ಆ ಬೆದರಿಕೆಯನ್ನು ಮುರಿಯುವುದು. ಈಟಿ ಹೊಡೆದದ್ದು ಚೆಕ್ ಅಲ್ಲ, ಕಾವಲೂ ಅಲ್ಲ. ‘ಅಂತ್ಯದಲ್ಲಿ ಕಾಯಿಯ ಲಾಭನಷ್ಟಕ್ಕಿಂತ ವೇಗ’ ಎಂದು ಜಪಾನಿಯರು ಹೇಳುವುದು ಇದನ್ನೇ. 60ರಿಂದ ಮುಂದಿನ ಪ್ರತಿ ನಡೆಯ ಎದುರಿಗೆ ಈ ಎರಡು ಅಂಕಿ ಬರೆದಿದ್ದರೆ 70ರ ಸಾಲಿನಲ್ಲಿ ಸೊನ್ನೆ ಕಣ್ಣಿಗೆ ರಾಚುತ್ತಿತ್ತು.

ಎಂಜಿನ್ ಬೇಡವೆಂದು ನಾನು ಹೇಳುತ್ತಿಲ್ಲ. 2017ರಲ್ಲಿ ಪೊನಾನ್ಜಾ ಎಂಬ ಎಂಜಿನ್ ಆಗ ಮೇಜಿನ್ (ಶೋಗಿಯ ಅತಿ ಗೌರವದ ಬಿರುದುಗಳಲ್ಲೊಂದು) ಆಗಿದ್ದ ಅಮಾಹಿಕೊ ಸಾತೊ ಅವರನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದ ಮೇಲೆ ಎಂಜಿನ್ನಿನ ಶಕ್ತಿಯನ್ನು ಪ್ರಶ್ನಿಸುವವರಿಲ್ಲ. ಅದು ಬರಬೇಕಾದದ್ದು ಕೊನೆಗೆ, ಇಬ್ಬರು ಆಟಗಾರರೂ ತಮ್ಮ ತಮ್ಮ ಟಿಪ್ಪಣಿ ಇಟ್ಟುಕೊಂಡು ಪಂದ್ಯವನ್ನು ಒಮ್ಮೆ ಪೂರ್ತಿ ಆಡಿಸಿದ ಮೇಲೆ. ಲಿಶೋಗಿ ತಾಣದಲ್ಲಿ ನಡೆಗಳನ್ನು ಸೇರಿಸಿ ಉಚಿತವಾಗಿ ಪರೀಕ್ಷಿಸಬಹುದು. ಮನೆಯ ಕಂಪ್ಯೂಟರಿನಲ್ಲಾದರೆ ಶೋಗಿಗುಯಿ ಅಥವಾ ಶೋಗಿದೊಕೊರೊ ತಂತ್ರಾಂಶದೊಳಗೆ ಯಾನೆಉರಾಓ ಎಂಜಿನ್ ಜೋಡಿಸಬಹುದು. ನಡೆಗೆ 10 ಸೆಕೆಂಡ್ ಕೊಟ್ಟರೆ 73 ನಡೆಗೆ ಸುಮಾರು 12 ನಿಮಿಷ. ಒಂದೇ ಉತ್ತಮ ನಡೆಯ ಬದಲು ಮೂರು ನಡೆ ತೋರಿಸುವಂತೆ ಹೊಂದಿಸಿ: ಮೂರರ ಅಂಕವೂ ಹತ್ತಿರವಿದ್ದರೆ ಅಲ್ಲಿ ಆಯ್ಕೆ ರುಚಿಯ ವಿಷಯ, ಒಂದು ಮಾತ್ರ ಮೇಲಿದ್ದು ಉಳಿದವು ಪಾತಾಳದಲ್ಲಿದ್ದರೆ ಅದೇ ಪಂದ್ಯದ ತಿರುವು. ಕೊನೆಯ ನಡೆಯಿಂದ ಹಿಂದಕ್ಕೆ ಬರುವುದು ಲೇಸು. ಮುಂದೆ ಕಂಡ ಮೇಟ್ ಎಂಜಿನ್ನಿನ ನೆನಪಿನಲ್ಲಿ ಉಳಿದು ಹಿಂದಿನ ಅಂಕಗಳು ನಿಖರವಾಗುತ್ತವೆ.

ಓದುವಾಗ ಎರಡು ಎಚ್ಚರ. ತುಮಕೂರಿನವರು 6ರಲ್ಲಿ ಆನೆಯನ್ನು 42ಕ್ಕೆ ಸರಿಸಿದ ಕೂಡಲೇ ಎಂಜಿನ್ ಅವರ ಅಂಕವನ್ನು ಸ್ವಲ್ಪ ಇಳಿಸುತ್ತದೆ. ಅದು ಎಂಜಿನ್ನಿನ ಒಲವು. ಹವ್ಯಾಸಿಗಳ ಆಟದಲ್ಲಿ ಅದನ್ನು ತಪ್ಪೆಂದು ಬರೆಯುವುದು ಅನ್ಯಾಯ. ಇನ್ನೊಂದು, 17 ಅಥವಾ 21 ನಡೆಯ ಮೇಟ್ ಕೈತಪ್ಪಿತು ಎಂಬ ಕೆಂಪು ಗುರುತು. ಅದನ್ನು ಕಾಣಲಿಲ್ಲವೆಂದು ಯಾರನ್ನೂ ದೂರಬೇಕಿಲ್ಲ. ಮೂರು ನಡೆಯದು, ಐದು ನಡೆಯದು ಕೈತಪ್ಪಿದರೆ ಮಾತ್ರ ಬರೆಯಿರಿ, ಅವನ್ನು ಅಭ್ಯಾಸದಿಂದ ಕಾಣಬಹುದು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಭಾನುವಾರ ಈ ಪಂದ್ಯದ 69ನೇ ನಡೆಯ ಚಿತ್ರವನ್ನು ಎರಡು ಕೈಗಳ ಕಾಯಿಯೊಡನೆ ಮತ್ತೆ ಅಚ್ಚುಮಾಡಿ, ಕೆಳಗೆ ‘ತುಮಕೂರಿನವರ ಸರದಿ, ಏನು ಆಡಬೇಕು?’ ಎಂದು ಕೇಳಿ. 11ನೇ ನಡೆಗೆ ‘ಬಲ’ ಎಂದು ತಿದ್ದುಪಡಿ ಹಾಕಿ. ಇಬ್ಬರು ಆಟಗಾರರಿಂದಲೂ 13, 23, 69, 70ನೇ ನಡೆಗಳ ಬಗ್ಗೆ ನಾಲ್ಕು ನಾಲ್ಕು ಸಾಲು ತರಿಸಿ ಹಾಕಿ, ಸೋತವರದು ಮೊದಲು. ಜಾಗ ಸಾಲದಿದ್ದರೆ ಕಂಪ್ಯೂಟರಿನ ಸಾಲನ್ನು ಬಿಡಬಹುದು.

ಇಂತಿ,
ಒಬ್ಬ ಶೋಗಿ ಅಭ್ಯಾಸಿ
ಕೋಲಾರ